ಪಿನ್‌ಕೋಡ್ ನೋಡಿ ಜಿಲ್ಲೆ ತಾಳೆ ಹಾಕಲು ಇಫ್-ಎಲ್ಸ್ ಸಾಕಾ, ಟೇಬಲ್ ಬೇಕಾ?

ಕೊಪ್ಪಳದ ಅಂಗಡಿಯೊಂದಕ್ಕೆ ಆರ್ಡರ್ ಫಾರಂ ಮಾಡುತ್ತಿದ್ದೀರಿ. ಪಿನ್ ಮತ್ತು ಜಿಲ್ಲೆ ತಾಳೆ ಹಾಕುವ ಇಫ್-ಎಲ್ಸ್ (‘ಹೀಗಿದ್ದರೆ ಇದು, ಇಲ್ಲದಿದ್ದರೆ ಅದು’ ಅನ್ನುವ ಕೋಡ್ ಸಾಲುಗಳು) ಬೆಳೆಯುತ್ತಲೇ ಇದೆ, ಟೇಬಲ್ ಬೇಕಾ ಅಂತ ಕೇಳಿದ್ದೀರಿ. ಬೇಕೇ ಬೇಕು. ಊರು, ಜಿಲ್ಲೆಗಳ ಹೆಸರು ಕೋಡ್ ಒಳಗೆ ಇರಲೇಬಾರದು.

ನಾನು ಬಳ್ಳಾರಿಯವನು, ಇದೇ ಕೆಲಸ ಮಾಡುತ್ತೇನೆ. ಹರಪನಹಳ್ಳಿಯನ್ನೇ ನೋಡಿ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, ಆಮೇಲೆ ವಾಪಸ್ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಪಿನ್ ಶುರುವಾಗುವುದು 583ರಿಂದ. ಬಳ್ಳಾರಿಯೂ 583, ನಿಮ್ಮ ಕೊಪ್ಪಳವೂ 583. ಮೊದಲ ಮೂರು ಅಂಕಿ ಇರುವುದು ಅಂಚೆ ವಿಂಗಡಣೆಗೆ. ಅದರಿಂದ ಜಿಲ್ಲೆ ಹೇಳಲು ಆಗುವುದಿಲ್ಲ.

ಒಂದು ಪಿನ್‌ಗೆ ಹಲವು ಅಂಚೆ ಕಚೇರಿ ಇರುತ್ತವೆ. ಹಾಗಾಗಿ ಟೇಬಲ್‌ನಿಂದ ಒಂದೇ ಉತ್ತರ ಬರುತ್ತೆ ಅಂತ ಕೋಡ್ ಬರೆಯಬೇಡಿ, ಪಟ್ಟಿ ಬರುತ್ತೆ ಅಂತ ಬರೆಯಿರಿ. ಒಂದೇ ಸಾಲು ಸಿಕ್ಕರೆ ತಾನೇ ತುಂಬಲಿ, ಜಾಸ್ತಿ ಇದ್ದರೆ ಗ್ರಾಹಕರೇ ಆರಿಸಲಿ. ಅಂಚೆ ಇಲಾಖೆಯ ಪಿನ್ ಪಟ್ಟಿ ಸರ್ಕಾರದ ಓಪನ್ ಡೇಟಾ ತಾಣದಲ್ಲಿದೆ. ಜಿಲ್ಲೆ, ತಾಲ್ಲೂಕುಗಳಿಗೆ ಕೇಂದ್ರದ ಎಲ್‌ಜಿಡಿ (ಲೋಕಲ್ ಗವರ್ನಮೆಂಟ್ ಡೈರೆಕ್ಟರಿ) ಕೋಡ್, ಅಂದರೆ ಪ್ರತಿಯೊಂದಕ್ಕೂ ಕೊಟ್ಟಿರುವ ಸಂಖ್ಯೆ, ಬಳಸಿ. ಡೇಟಾಬೇಸ್‌ನಲ್ಲಿ ಹೆಸರಿನ ಬದಲು ಆ ಕೋಡ್ ಉಳಿಸಿ.

ಹೆಸರುಗಳಿಗೆ ಇನ್ನೊಂದು ಟೇಬಲ್ ಇರಲಿ. ಬಳ್ಳಾರಿಯ ಇಂಗ್ಲಿಷ್ ಸ್ಪೆಲಿಂಗ್ 2014ರಲ್ಲಿ ಬದಲಾಯಿತು, ಆದರೂ ಜನ ಹಳೆಯದನ್ನೇ ಟೈಪ್ ಮಾಡುತ್ತಾರೆ. ಹಾಸ್ಪೆಟ್, ಹೊಸಪೇಟೆ ಎರಡೂ ಒಂದೇ ಎಲ್‌ಜಿಡಿ ಕೋಡ್‌ಗೆ ಹೋಗಬೇಕು.

ಕನ್ನಡದಲ್ಲಿ ತುಂಬಿದರೆ ಇನ್ನೂ ಒಂದು ತೊಡಕಿದೆ. ‘ಕೊಪ್ಪಳ’ದ ‘ಕೊ’ ಯೂನಿಕೋಡ್‌ನಲ್ಲಿ (ಕಂಪ್ಯೂಟರ್ ಅಕ್ಷರಗಳನ್ನು ಉಳಿಸುವ ಪದ್ಧತಿ) ಎರಡು ರೀತಿ ಬರಬಹುದು: ಒತ್ವ ಒಂದೇ ಚಿಹ್ನೆಯಾಗಿ, ಇಲ್ಲವೇ ಎತ್ವ ಮತ್ತು ಊತ್ವದ ಎರಡು ಚಿಹ್ನೆಗಳಾಗಿ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಹುಡುಕುವ ಮೊದಲು ಎನ್‌ಎಫ್‌ಸಿ ನಾರ್ಮಲೈಸ್ ಮಾಡಿ, ಅಂದರೆ ಎರಡನ್ನೂ ಯೂನಿಕೋಡ್‌ನ ಒಂದೇ ರೂಪಕ್ಕೆ ತನ್ನಿ. ಟೇಬಲ್‌ನ ಹೆಸರುಗಳಿಗೂ ಅದನ್ನೇ ಮಾಡಿ. ಪಿನ್‌ನ ಕನ್ನಡ ಅಂಕಿಗಳನ್ನು ಇಂಗ್ಲಿಷ್ ಅಂಕಿಗೆ ತಿರುಗಿಸಿ.

ಆರು ಅಂಕಿ ಇಲ್ಲದಿದ್ದರೆ, ಸೊನ್ನೆಯಿಂದ ಶುರುವಾದರೆ ಫಾರಂ ತಡೆಯಿರಿ. ಪಿನ್, ತಾಲ್ಲೂಕು ಹೊಂದದಿದ್ದರೆ ಸುಮ್ನೆ ‘ಇದು ಸರಿಯಾ?’ ಅಂತ ಕೇಳಿ, ಹೌದು ಅಂದರೆ ಬಿಟ್ಟುಬಿಡಿ. ತಪ್ಪು ನಮ್ಮ ಟೇಬಲ್‌ನಲ್ಲೂ ಇರಬಹುದು, ಅಲ್ವಾ? ಅಂಥ ಆರ್ಡರ್‌ಗಳನ್ನು ಬೇರೆ ಗುರುತು ಹಾಕಿಡಿ, ಟೇಬಲ್ ತಿದ್ದಲು ಅವೇ ಬೇಕು. ಇದೆಲ್ಲ ಸರ್ವರ್‌ನಲ್ಲೂ ನಡೆಯಬೇಕು. ಬ್ರೌಸರ್ ತಪಾಸಣೆ ಒಂದನ್ನೇ ನಂಬಬೇಡಿ.

ವಿಳಾಸದಲ್ಲಿ ‘ಹನುಮಪ್ಪನ ಗುಡಿ ಹಿಂದೆ’ ಅನ್ನುವಂಥ ಸಾಲನ್ನು ಮಾತ್ರ ತಪಾಸಣೆ ಮಾಡಲೇಬೇಡಿ. ಪಾರ್ಸೆಲ್ ತರುವವರು ಮನೆ ಹುಡುಕುವುದು ಅದನ್ನು ಓದಿಯೇ.