ಸಂಪಾದಕರ ಉತ್ತರ: ಹೂವಿನ ಚಿತ್ರಕ್ಕೆ ಅಷ್ಟು ದುಡ್ಡು ಯಾಕೆ?

ಉಡುಪಿ ಕುಂಜಿಬೆಟ್ಟಿನ ನಿವೃತ್ತ ಶಿಕ್ಷಕರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಬ್ರಿಟಿಷ್ ಕಲಾವಿದ ಡೇವಿಡ್ ಹಾಕ್ನಿಯವರ ಹೂವಿನ ಚಿತ್ರಗಳಿಗೆ ನಾಲ್ಕು ಪುಟ ಕೊಟ್ಟಿದ್ದೀರಿ. ಒಂದು ಹೂದಾನಿ, ಒಂದು ಮೇಜು, ಮೇಲೆ ಚೌಕುಳಿ ಬಟ್ಟೆ, ಅಷ್ಟೇ. ಇಂಥದ್ದು ಹೋಟೆಲಿನ ಗೋಡೆಯಲ್ಲೂ ಇರುತ್ತದೆ. ಅದೂ ಐಪ್ಯಾಡಿನಲ್ಲಿ ಬರೆದು ಮೆಷೀನಿನಲ್ಲಿ ತೆಗೆದದ್ದು. ಅದನ್ನು ಓದಿದ ನನ್ನ ಮಗಳು ಮಂಗಳೂರಿನಲ್ಲಿ ಯುವ ಕಲಾವಿದೆಯೊಬ್ಬರ ದಾಸವಾಳದ ಸ್ಕ್ರೀನ್ ಪ್ರಿಂಟ್ ಕೊಂಡು ತಂದಿದ್ದಾಳೆ. ಆರು ಸಾವಿರ ರೂಪಾಯಿ! ಕೆಳಗೆ ಪೆನ್ಸಿಲಿನಲ್ಲಿ 7/30 ಅಂತ ಬರೆದಿದೆ. ಒಂದೇ ಚಿತ್ರ ಮೂವತ್ತು ಮನೆಯಲ್ಲಿ ಇರುವುದಾದರೆ ಅದು ಕ್ಯಾಲೆಂಡರಿಗಿಂತ ಹೇಗೆ ಬೇರೆ?"

ಮಾಸ್ಟ್ರೇ, ನಮಸ್ಕಾರ. ನಿಮ್ಮ ಕಾಗದವನ್ನು ಕಚೇರಿಯಲ್ಲಿ ಎಲ್ಲರೂ ಓದಿದೆವು. ಕೋಪ ಇದೆ, ಆದರೆ ಪ್ರಶ್ನೆ ಸರಿಯಾಗಿಯೇ ಇದೆ. ಎರಡು ಸಾಲಿನಲ್ಲಿ ಉತ್ತರ ಬರೆದು ಮುಗಿಸುವ ಮನಸ್ಸಾಗಲಿಲ್ಲ.

ಮನೆಯಲ್ಲಿ ಭೂತಗನ್ನಡಿ ಇದ್ದರೆ ತೆಗೆದುಕೊಳ್ಳಿ. ಒಂದು ಕಡೆ ಕ್ಯಾಲೆಂಡರ್ ಇಡಿ, ಇನ್ನೊಂದು ಕಡೆ ಮಗಳು ತಂದ ದಾಸವಾಳ. ಕ್ಯಾಲೆಂಡರಿನಲ್ಲಿ ಬರಿಗಣ್ಣಿಗೆ ಕೆಂಪಾಗಿ ಕಾಣುವ ಜಾಗದಲ್ಲಿ ಸಣ್ಣ ಸಣ್ಣ ಚುಕ್ಕೆಗಳು ಸಿಗುತ್ತವೆ. ಗಾಢ ಗುಲಾಬಿ, ಹಳದಿ, ಅಲ್ಲಲ್ಲಿ ನೀಲಿ, ಕಪ್ಪು. ಆಫ್‌ಸೆಟ್ ಮುದ್ರಣದಲ್ಲಿ ಸಾಮಾನ್ಯವಾಗಿ ಇರುವುದೇ ಈ ನಾಲ್ಕು ಶಾಯಿ. ಅದನ್ನೆಲ್ಲ ಕೂಡಿಸಿ ಕೆಂಪು ಮಾಡಿಕೊಳ್ಳುವುದು ನಮ್ಮ ಕಣ್ಣು. ಕೈಯಲ್ಲಿ ಮಾಡಿದ ಸ್ಕ್ರೀನ್ ಪ್ರಿಂಟಿನಲ್ಲಿ, ಕಲಾವಿದರು ಬೇಕೆಂದೇ ಚುಕ್ಕೆ ಹಾಕದಿದ್ದರೆ, ಕೆಂಪು ಇದ್ದಲ್ಲಿ ಕೆಂಪು ಶಾಯಿಯೇ ಇರುತ್ತದೆ. ಹಾಳೆಯ ಮೇಲೆ ಒಂದು ಪದರವಾಗಿ ಕೂತಿರುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಆ ಪದರದ ಅಂಚೂ ಕಾಣಬಹುದು. ಮುಟ್ಟಿ ನೋಡಬೇಡಿ, ಬೆರಳಿನ ಎಣ್ಣೆ ಹಾಳೆಗೆ ಒಳ್ಳೆಯದಲ್ಲ.

ಮದುವೆ ಕಾಗದ ಮಾಡುವ ಅಂಗಡಿಯಲ್ಲಿ ಈ ಕೆಲಸವನ್ನು ನೀವು ನೋಡಿರಬಹುದು. ಚೌಕಟ್ಟಿಗೆ ಬಿಗಿದ ತೆಳು ಬಲೆಯ ಮೇಲೆ ಶಾಯಿ ಸುರಿದು, ರಬ್ಬರ್ ಪಟ್ಟಿಯಲ್ಲಿ ಎಳೆಯುತ್ತಾರೆ. ಬಲೆಯಲ್ಲಿ ತೆರೆದಿರುವ ಜಾಗದಿಂದ ಮಾತ್ರ ಶಾಯಿ ಹಾಳೆಗೆ ಇಳಿಯುತ್ತದೆ. ಒಂದು ಬಣ್ಣಕ್ಕೆ ಒಂದು ಸ್ಕ್ರೀನ್. ದಾಸವಾಳದಲ್ಲಿ ಆರು ಬಣ್ಣ ಇದ್ದರೆ ಪ್ರತಿ ಹಾಳೆಯೂ ಆರು ಸಲ ಸ್ಕ್ರೀನಿನ ಕೆಳಗೆ ಹೋಗಿ ಬಂದಿರುತ್ತದೆ. ಪ್ರತಿ ಸಲವೂ ಒಣಗಬೇಕು, ಮತ್ತೆ ಅದೇ ಜಾಗಕ್ಕೆ ಕೂರಬೇಕು. ಕೂದಲೆಳೆಯಷ್ಟು ಆಚೀಚೆ ಆದರೂ ದಳಕ್ಕೂ ಎಲೆಗೂ ನಡುವೆ ಬಿಳಿ ಗೆರೆ ಬಾಯಿಬಿಡುತ್ತದೆ. ಹಾಳಾದ ಹಾಳೆಗಳನ್ನು ಕಲಾವಿದೆ ಎತ್ತಿಟ್ಟು, ಸರಿಯಾಗಿ ಬಂದ ಮೂವತ್ತಕ್ಕೆ ನಂಬರ್ ಹಾಕಿ ಸಹಿ ಮಾಡಿರುತ್ತಾರೆ. ನಿಮ್ಮ ಮನೆಯದ್ದು ಅದರಲ್ಲಿ ಏಳನೆಯದು. ಏಳನೆಯದಕ್ಕೂ ಇಪ್ಪತ್ತೇಳನೆಯದಕ್ಕೂ ಬೆಲೆಯಲ್ಲಿ ವ್ಯತ್ಯಾಸ ಮಾಡಬೇಕಾಗಿಲ್ಲ. ಆದರೆ ಮೂವತ್ತೊಂದನೆಯದನ್ನು ಅಚ್ಚು ಹಾಕುವುದಿಲ್ಲ ಅನ್ನುವ ಮಾತು ಆ ಪೆನ್ಸಿಲ್ ಬರಹದಲ್ಲಿದೆ.

ಇನ್ನೊಂದು ಮುಖ್ಯ ವಿಷಯ. ಈ ಪ್ರಿಂಟಿಗೆ "ಅಸಲು" ಅಂತ ಬೇರೆ ಎಲ್ಲೋ ಒಂದು ಪೇಂಟಿಂಗ್ ಇರಬೇಕಾಗಿಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಶುರು ಮಾಡಿದಾಗ ತೈಲಚಿತ್ರಗಳನ್ನು ನೋಡಿ ಅಚ್ಚು ಮಾಡಿದರು. ಅದು ಪ್ರತಿ. ಅದನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ನಮ್ಮ ಅಜ್ಜಿಯರ ದೇವರಕೋಣೆಗೆ ಲಕ್ಷ್ಮಿ, ಸರಸ್ವತಿ ಬಂದದ್ದು ಅಂಥ ಪ್ರತಿಗಳಿಂದಲೇ. ಸ್ಕ್ರೀನ್ ಪ್ರಿಂಟ್, ಎಚ್ಚಿಂಗ್ (ಲೋಹದ ತಗಡಿನಲ್ಲಿ ಆಮ್ಲದಿಂದ ಗೆರೆ ಕೊರೆದು ತೆಗೆಯುವ ಅಚ್ಚು), ಕಲ್ಲಚ್ಚು (ಕಲ್ಲಿನ ಮೇಲೆ ಬರೆದು ತೆಗೆಯುವ ಅಚ್ಚು) ಮಾಡುವ ಕಲಾವಿದರು ನೇರ ಅಚ್ಚಿಗೆಂದೇ ಚಿತ್ರ ಕಟ್ಟುತ್ತಾರೆ. ಹಾಳೆಗೆ ಇಳಿದಾಗಲೇ ಚಿತ್ರ ಹುಟ್ಟುವುದು. ಕಲ್ಲಚ್ಚು ನಮ್ಮ ಊರಿಗೆ ಹೊಸತೂ ಅಲ್ಲ ನೋಡಿ. ಬಾಸೆಲ್ ಮಿಷನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಪ್ರೆಸ್ ಹಾಕಿದರು. 1843ರಲ್ಲಿ ಅದೇ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಹೊರಡಿಸಿದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಅಚ್ಚಾದದ್ದು ಕಲ್ಲಿನ ಮೇಲೆಯೇ.

ಈಗ ಹಾಕ್ನಿಗೆ ಬರುತ್ತೇನೆ. "ಮೆಷೀನಿನಲ್ಲಿ ತೆಗೆದದ್ದು" ಅಂತ ಬರೆದಿದ್ದೀರಿ. ನಿಜ. ಆದರೆ ಅವರು ಮೆಷೀನನ್ನು ಹೇಗೆ ದುಡಿಸಿಕೊಂಡರು ಅನ್ನುವುದನ್ನು ನೋಡಬೇಕು. 1986ರಲ್ಲಿ ಅವರು ಆಫೀಸಿನ ಜೆರಾಕ್ಸ್ ಮೆಷೀನಿನಲ್ಲಿ ಪ್ರಿಂಟ್ ಮಾಡಿದರು. ಸುಮ್ನೆ ಒಂದು ಚಿತ್ರ ಇಟ್ಟು ಬಟನ್ ಒತ್ತಿದ್ದಲ್ಲ. ಪ್ರತಿ ಬಣ್ಣಕ್ಕೂ ಬೇರೆ ಹಾಳೆಯಲ್ಲಿ ಚಿತ್ರ ಬರೆದು, ಒಂದೇ ಕಾಗದವನ್ನು ಬಣ್ಣ ಬಣ್ಣಕ್ಕೂ ಮತ್ತೆ ಮತ್ತೆ ಮೆಷೀನಿಗೆ ಕೊಟ್ಟರು. 2009ರಲ್ಲಿ ಐಫೋನ್ ಕೈಗೆ ಬಂದಾಗ ಬೆಳಗ್ಗೆ ಹಾಸಿಗೆಯಲ್ಲೇ ಹೂ ಬರೆದು ಗೆಳೆಯರಿಗೆ ಕಳಿಸುತ್ತಿದ್ದರು. ನಾವು ಹಾಕಿದ ಚಿತ್ರಗಳು 2021ರವು, ಫ್ರಾನ್ಸಿನ ನಾರ್ಮಂಡಿಯ ಮನೆಯಲ್ಲಿ ಬರೆದದ್ದು. ಆಗ ಅವರ ವಯಸ್ಸು ಎಂಬತ್ತು ದಾಟಿತ್ತು. ಆ ವಯಸ್ಸಿನಲ್ಲಿ, ಜಗತ್ತೆಲ್ಲ ಬಾಗಿಲು ಹಾಕಿಕೊಂಡ ಹೊತ್ತಿನಲ್ಲಿ, ಮೇಜಿನ ಮೇಲಿನ ಹೂವನ್ನು ಅಷ್ಟು ಆಸೆಯಿಂದ ನೋಡಿದ ಮನುಷ್ಯನಿಗೆ ನಾಲ್ಕು ಪುಟ ಕೊಟ್ಟದ್ದು ಜಾಸ್ತಿ ಅಂತ ನನಗೆ ಈಗಲೂ ಅನ್ನಿಸುವುದಿಲ್ಲ. ನಮ್ಮ ಪುಟದಲ್ಲಿ ನೀವು ನೋಡಿದ್ದು ಆ ಪ್ರಿಂಟಿನ ಫೋಟೊ ಅನ್ನುವುದೂ ನೆನಪಿರಲಿ. ಕಡು ಕಿತ್ತಳೆ, ಹೊಳೆಯುವ ನೇರಳೆ ನಾಲ್ಕು ಶಾಯಿಯಲ್ಲಿ ಪೂರ್ತಿ ಬರುವುದೇ ಇಲ್ಲ. ಅಬ್ಬಲಿಗೆಯ ಫೋಟೊ ಹಾಕಿದಾಗಲೆಲ್ಲ ನಾವು ಈ ಕಷ್ಟ ಪಡುತ್ತೇವೆ.

"ಹೋಟೆಲಿನ ಗೋಡೆ" ಅಂದದ್ದು ಮಾತ್ರ ನನಗೆ ಸ್ವಲ್ಪ ನೋವಾಯಿತು. ಹೂವಿನ ಚಿತ್ರ ಸುಲಭದ್ದು, ಅಂದಕ್ಕೆ ತೂಗುಹಾಕುವಂಥದ್ದು ಅನ್ನುವ ಮಾತು ನೂರಾರು ವರ್ಷಗಳಿಂದ ಇದೆ. ಕೂತು ಬರೆದವರಿಗೆ ಅದರ ಕಷ್ಟ ಗೊತ್ತು. ಹೂ ಕಾಯುವುದಿಲ್ಲ. ಬೆಳಗ್ಗೆ ಬರೆಯಲು ಕೂತ ದಾಸವಾಳ ಸಂಜೆಗೆ ಮುದುಡುತ್ತದೆ. ಹಾಲೆಂಡಿನ ಕಲಾವಿದೆ ರಾಖೆಲ್ ರೌಶ್ (1664–1750) ಮತ್ತು ಆಕೆಯ ಕಾಲದವರ ಚಿತ್ರಗಳಲ್ಲಿ ಬೇರೆ ಬೇರೆ ಋತುವಿನ ಹೂಗಳು ಒಂದೇ ಹೂದಾನಿಯಲ್ಲಿ ಇರುತ್ತವೆ. ಅಂಥ ಗುಚ್ಛ ಯಾರ ಮನೆಯ ಮೇಜಿನ ಮೇಲೂ ಇರಲಿಲ್ಲ. ಹೂ ಅರಳಿದಾಗ ಒಂದೊಂದನ್ನೇ ಬರೆದಿಟ್ಟುಕೊಂಡು, ಆಮೇಲೆ ಕೂಡಿಸಿದ್ದು. ಬಣ್ಣವೂ ನಿಲ್ಲುವುದಿಲ್ಲ. ವಾನ್ ಗಾಫ್ 1890ರಲ್ಲಿ ಬರೆದ ಗುಲಾಬಿಗಳು ಈಗ ಬಿಳಿಯಾಗಿ ಕಾಣುತ್ತವೆ. ಬರೆದಾಗ ಅವು ಗುಲಾಬಿ ಬಣ್ಣದವೇ. ಅವರು ಬಳಸಿದ ಕೆಂಪು ಬೆಳಕಿಗೆ ಮಾಸಿಹೋಯಿತು.

ನಮ್ಮ ಮಲ್ಲಿಗೆಯನ್ನೇ ತೆಗೆದುಕೊಳ್ಳಿ. ಶಂಕರಪುರದಿಂದ ಬರುವ ಒಂದು ಚೆಂಡಿನಲ್ಲಿ ಸುಮಾರು 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹುಟ್ಟಿದಾಗಿನಿಂದ ನಾವು ಅದರ ನಡುವೆಯೇ ಇದ್ದೇವೆ. ಆದರೆ ಅದರ ಬಣ್ಣ ಯಾವುದು ಅಂತ ಕೇಳಿದರೆ ಬಿಳಿ ಅಂದುಬಿಡುತ್ತೇವೆ. ಬಿಳಿ ಹಾಳೆಯ ಮೇಲೆ ಬಿಳಿ ಹೂ ಬರೆಯಬೇಕಾದವರು ಹಾಗೆ ಹೇಳಿ ಬಿಡುವಂತಿಲ್ಲ. ಮೊಗ್ಗಿನ ಬುಡದಲ್ಲಿ ಹಸಿರು ಇದೆ. ಎರಡು ಮೊಗ್ಗಿನ ಸಂದಿಯಲ್ಲಿ ಬೂದು ನೀಲಿ ಇದೆ. ಬಾಳೆನಾರಿನ ಹತ್ತಿರ ತಿಳಿ ಕಂದು ಇಣುಕುತ್ತದೆ. ಇದನ್ನೆಲ್ಲ ಹುಡುಕಿ ಇಟ್ಟರೆ ಮಾತ್ರ ಹೂ ಬಿಳಿಯಾಗಿ ಕಾಣುತ್ತದೆ. ನಾವು ಹೂವನ್ನು ಮುಡಿಯುತ್ತೇವೆ, ಕಟ್ಟುತ್ತೇವೆ, ದೇವರಿಗೆ ಇಡುತ್ತೇವೆ. ಒಂದೇ ಹೂವನ್ನು ಎದುರಿಗಿಟ್ಟು ಸುಮ್ಮನೆ ನೋಡುವುದು ಕಡಿಮೆ, ಅಲ್ವಾ? ಹೂವಿನ ಚಿತ್ರ ಮಾಡಿಸುವ ಕೆಲಸ ಅದು. ಅದಕ್ಕೇ ನನಗೆ ಅದರ ಮೇಲೆ ಇಷ್ಟು ಪ್ರೀತಿ. ಹೂದಾನಿ ನಮ್ಮ ಮನೆಗಳಲ್ಲಿ ಕಡಿಮೆ ಅನ್ನುವುದು ಸರಿಯೇ. ಹರಿವಾಣದಲ್ಲಿ ಕೇಪುಳ, ಬಾಳೆಲೆಯಲ್ಲಿ ಪಿಂಗಾರ, ಚೌತಿ ಹೊತ್ತಿಗೆ ಫುಟ್‌ಪಾತಿನಲ್ಲಿ ಘಟ್ಟದವರು ರಾಶಿ ಹಾಕುವ ಸೇವಂತಿಗೆ, ಇವನ್ನು ನಮ್ಮ ಕಲಾವಿದರು ಇನ್ನೂ ಜಾಸ್ತಿ ಬರೆಯಬೇಕು ಅಂತ ನನಗೂ ಆಸೆ ಇದೆ.

ದಾಸವಾಳಕ್ಕೆ ಸ್ಕ್ರೀನ್ ಪ್ರಿಂಟಿನಲ್ಲಿ ದೊಡ್ಡ ಕಥೆಯೇ ಇದೆ. ಅಮೆರಿಕದ ಕಲಾವಿದ ಆಂಡಿ ವಾರ್ಹಾಲ್ 1964ರಲ್ಲಿ ಮಾಡಿದ ಹೆಸರಾಂತ ಹೂವುಗಳು ದಾಸವಾಳವೇ. ಪೆಟ್ರೀಶಿಯಾ ಕಾಲ್‌ಫೀಲ್ಡ್ ತೆಗೆದ ಒಂದು ಫೋಟೊದಿಂದ ಅದನ್ನು ಮಾಡಿದರು, ಆಕೆ ಕೋರ್ಟಿಗೂ ಹೋದರು. ಫೋಟೊ ತೆಗೆದವರ ಪರ ನಾನು. ಆದರೂ ಆ ಚಪ್ಪಟೆ ಬಣ್ಣಗಳನ್ನು ನೋಡಿದ ಮೇಲೆ ದಾಸವಾಳದ ಆಕಾರ ಕಣ್ಣಿಂದ ಹೋಗುವುದಿಲ್ಲ.

ಆರು ಸಾವಿರ ದಂಡ ಅಂತ ನನಗನ್ನಿಸುವುದಿಲ್ಲ. ಮುಂದೆ ಬೆಲೆ ಏರುತ್ತದೆ ಅಂತ ಯಾರಾದರೂ ಹೇಳಿದರೆ ಮಾತ್ರ ನಂಬಬೇಡಿ. ಅಮೆರಿಕದ ಕಲಾವಿದೆ ಜಾರ್ಜಿಯಾ ಓಕೀಫ್ ಬರೆದ ಉಮ್ಮತ್ತಿ ಜಾತಿಯ ಬಿಳಿ ಹೂ 2014ರಲ್ಲಿ 4.4 ಕೋಟಿ ಡಾಲರಿಗೂ ಮೇಲೆ ಹೋಯಿತು, ಆದರೆ ಅಂಥದ್ದು ಲಕ್ಷಕ್ಕೊಂದು. ಮಗಳು ಇಷ್ಟಪಟ್ಟು ತಂದಿದ್ದಾಳೆ, ಆ ದುಡ್ಡು ನಮ್ಮದೇ ಊರಿನ ಕಲಾವಿದೆಯೊಬ್ಬರಿಗೆ ಹೋಗಿದೆ. ನನಗೆ ಅಷ್ಟು ಸಾಕು.

ಉಳಿದದ್ದು ನಮ್ಮ ಕರಾವಳಿಯ ಮಳೆ. ಕಾಗದಕ್ಕೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ. ಮಳೆ ಹಿಡಿಯುವ ಮೊದಲು ಫ್ರೇಮ್ ಹಾಕಿಸಿ. ಗಾಜು ನೇರ ಹಾಳೆಗೆ ತಾಗಬಾರದು, ನಡುವೆ ಮೌಂಟ್ (ಚಿತ್ರದ ಸುತ್ತ ಕೂರಿಸುವ ದಪ್ಪ ರಟ್ಟಿನ ಅಂಚು) ಇರಲಿ, ಅದೂ ಆಮ್ಲ ಇಲ್ಲದ್ದು ಅಂತ ಕೇಳಿಯೇ ಹಾಕಿಸಿ. ಹಿಂದೆ ಸೆಲ್ಲೊ ಟೇಪ್ ಅಂಟಿಸಲು ಬಿಡಬೇಡಿ, ಹಳದಿ ಕಲೆ ಬಿದ್ದರೆ ಹೋಗುವುದಿಲ್ಲ. ಮಳೆನೀರು ಬಡಿಯುವ ಹೊರಗೋಡೆಯ ಒಳಮೈಗೆ ತೂಗುಹಾಕಬೇಡಿ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಸಣ್ಣ ಬೆಂಡಿನ ತುಂಡು ಅಂಟಿಸಿದರೆ ಗಾಳಿ ಆಡುತ್ತದೆ, ಬೂಷ್ಟು ಹಿಡಿಯುವುದು ಕಡಿಮೆ. ಪಡುವಣ ಕಿಟಕಿಯ ಬಿಸಿಲು ನೇರ ಬೀಳುವ ಜಾಗವೂ ಬೇಡ, ಕೆಂಪು ಮೊದಲು ಮಾಸುತ್ತದೆ. ಮಳೆ ಜೋರಿರುವ ಆಟಿ ತಿಂಗಳಲ್ಲಿ ಒಮ್ಮೆ ಕೆಳಗಿಳಿಸಿ ಹಿಂಬದಿ ನೋಡಿ. ಫ್ರೇಮ್ ಹಾಕುವವರು 7/30 ಮತ್ತು ಸಹಿಯನ್ನು ಮೌಂಟಿನ ಕೆಳಗೆ ಮುಚ್ಚಿಬಿಡುವುದುಂಟು. ಅದು ಹೊರಗೆ ಕಾಣುವ ಹಾಗೆ ಕತ್ತರಿಸಲು ಮೊದಲೇ ಹೇಳಿಡಿ.