ಐಫೋನ್ ಪಾಲು ಒಂದು ಕಡೆ ಶೇ 20, ಇನ್ನೊಂದು ಕಡೆ ಶೇ 28: ಯಾವುದನ್ನು ನಂಬಬೇಕು?

2023ಕ್ಕೆ ಮಾರುಕಟ್ಟೆ ಸಂಶೋಧನಾ ಸಂಸ್ಥೆ ಐಡಿಸಿ ಜಗತ್ತಿನ ಸ್ಮಾರ್ಟ್‌ಫೋನ್ ಮಾರುಕಟ್ಟೆಯಲ್ಲಿ ಆಪಲ್‌ಗೆ ಶೇ 20.1 ಪಾಲು ಕೊಟ್ಟಿದೆ, ಜಾಲತಾಣಗಳ ಬಳಕೆ ಎಣಿಸುವ ಸ್ಟ್ಯಾಟ್‌ಕೌಂಟರ್ ನೋಡಿದರೆ ಅದೇ ವರ್ಷ ಐಫೋನಿನ ಕಾರ್ಯವ್ಯವಸ್ಥೆ ಐಒಎಸ್ ಶೇ 28ರ ಆಸುಪಾಸಿನಲ್ಲಿದೆ, ಯಾರ ಲೆಕ್ಕ ತಪ್ಪು ಅಂತ ಕೇಳಿದ್ದೀರಿ. ಇಬ್ಬರದೂ ತಪ್ಪಲ್ಲ. ಐಡಿಸಿ ಎಣಿಸಿದ್ದು ಆ ವರ್ಷ ತಯಾರಕರು ಮಾರುಕಟ್ಟೆಗೆ ಕಳಿಸಿದ ಹೊಸ ಫೋನುಗಳನ್ನು. ಸ್ಟ್ಯಾಟ್‌ಕೌಂಟರ್ ಎಣಿಸಿದ್ದು ಜನ ಬ್ರೌಸರಿನಲ್ಲಿ ತೆರೆದ ಪುಟಗಳನ್ನು. ಎರಡಕ್ಕೂ ‘ಮಾರುಕಟ್ಟೆ ಪಾಲು’ ಅನ್ನುವ ಒಂದೇ ಹೆಸರು ಇಟ್ಟಿರುವುದರಿಂದ ಜಗಳ ಮುಗಿಯುವುದೇ ಇಲ್ಲ.

ಮೊದಲು ಶಿಪ್‌ಮೆಂಟ್ ನೋಡೋಣ. ತಯಾರಕರು ಅಂಗಡಿ, ವಿತರಕ, ಟೆಲಿಕಾಂ ಕಂಪನಿಗಳಿಗೆ ಕಳಿಸಿದ ಸಂಖ್ಯೆ ಅದು. ಗ್ರಾಹಕ ದುಡ್ಡು ಕೊಟ್ಟು ಒಯ್ದದ್ದು ಬೇರೆ ಲೆಕ್ಕ. ಗೋದಾಮಿನಲ್ಲಿ ಕೂತ ಪೆಟ್ಟಿಗೆಯೂ ಶಿಪ್‌ಮೆಂಟೇ. 2011ರ ಜನವರಿಯಲ್ಲಿ ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಟ್ಯಾಬ್ ಬಗ್ಗೆ ಎದ್ದ ಗೊಂದಲ ಇದೇ: ಸುಮಾರು 20 ಲಕ್ಷ ಅಂತ ಸುದ್ದಿಯಾಗಿದ್ದ ‘ಮಾರಾಟ’ ಅಸಲಿಗೆ ಅಂಗಡಿಗಳಿಗೆ ಹೋದ ಸರಕು ಅಂತ ಆಮೇಲೆ ಗೊತ್ತಾಯಿತು. ಇನ್ನೊಂದು ವಿಷಯ, ಆಪಲ್ 2018ರ ನವೆಂಬರ್‌ನಲ್ಲಿ ‘ಇನ್ನು ಮುಂದೆ ಎಷ್ಟು ಐಫೋನ್ ಮಾರಿದೆವು ಅಂತ ಹೇಳುವುದಿಲ್ಲ’ ಅಂದುಬಿಟ್ಟಿತು. ಅಲ್ಲಿಂದೀಚೆಗೆ ನೀವು ಓದುವ ಐಫೋನ್ ಸಂಖ್ಯೆಗಳೆಲ್ಲ ಸಂಶೋಧನಾ ಸಂಸ್ಥೆಗಳ ಅಂದಾಜು. ಮೊದಲು ಬರುವುದು ಪ್ರಾಥಮಿಕ ಅಂದಾಜು, ಮುಂದೆ ತಿದ್ದುಪಡಿಯೂ ಆಗುತ್ತದೆ. ಇಬ್ಬರು ತಯಾರಕರ ಪಾಲಿನ ನಡುವೆ ಶೇ 0.1 ಅಥವಾ ಅದಕ್ಕಿಂತ ಕಡಿಮೆ ವ್ಯತ್ಯಾಸವಿದ್ದರೆ ಐಡಿಸಿಯೇ ಅದನ್ನು ಸಮಬಲ ಅಂತ ಘೋಷಿಸುತ್ತದೆ. ಹಾಗಿರುವಾಗ ದಶಾಂಶದ ಮೇಲೆ ಗೆದ್ದೆ, ಸೋತೆ ಅಂತ ಕಿತ್ತಾಡುವುದರಲ್ಲಿ ಅರ್ಥವಿಲ್ಲ. ತ್ರೈಮಾಸಿಕವನ್ನೂ ನೋಡಿಕೊಳ್ಳಿ. ಹೊಸ ಐಫೋನ್ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಬರುವುದರಿಂದ ಅಕ್ಟೋಬರ್–ಡಿಸೆಂಬರ್‌ನಲ್ಲಿ ಆಪಲ್ ಪಾಲು ಏರಿ ಆಮೇಲೆ ಇಳಿಯುತ್ತದೆ. ಹೋಲಿಸುವುದಾದರೆ ಹಿಂದಿನ ವರ್ಷದ ಅದೇ ತ್ರೈಮಾಸಿಕದ ಜೊತೆ ಹೋಲಿಸಬೇಕು.

ಇನ್ನು 20 ಹೇಗೆ 28ರ ಹತ್ತಿರ ಹೋಗುತ್ತದೆ ಅನ್ನುವುದು. ಒಂದು ಕಾಲ್ಪನಿಕ ಲೆಕ್ಕ ಮಾಡಿ. ವರ್ಷಕ್ಕೆ 100 ಫೋನ್ ಹೊರಡುತ್ತವೆ: ‘ಅ’ ವೇದಿಕೆಯದು (ಐಒಎಸ್, ಆಂಡ್ರಾಯ್ಡ್‌ನಂಥ ಕಾರ್ಯವ್ಯವಸ್ಥೆಯೇ ವೇದಿಕೆ) 20, ‘ಬ’ ವೇದಿಕೆಯದು 80. ‘ಅ’ ಫೋನು ಸರಾಸರಿ ನಾಲ್ಕೂವರೆ ವರ್ಷ ಬಳಕೆಯಲ್ಲಿರುತ್ತದೆ, ಎರಡನೇ ಕೈಗೆ ಹೋದ ಕಾಲವೂ ಸೇರಿ. ‘ಬ’ ಮೂರು ವರ್ಷ. ಹಾಗಾದರೆ ಯಾವುದೇ ದಿನ ಜನರ ಕೈಯಲ್ಲಿರುವುದು 20 × 4.5 = 90 ಮತ್ತು 80 × 3 = 240. ಒಟ್ಟು 330ರಲ್ಲಿ 90 ಅಂದರೆ ಶೇ 27. ಶಿಪ್‌ಮೆಂಟಿನ ಪಾಲು ಒಂದಿಷ್ಟೂ ಬದಲಾಗಿಲ್ಲ, ಬಳಕೆಯ ಪಾಲು ಮಾತ್ರ ಬೇರೆಯಾಗಿದೆ. ಹಳೆಯ ಫೋನಿನ ಮರುಮಾರಾಟ ಹೊಸ ಶಿಪ್‌ಮೆಂಟ್ ಲೆಕ್ಕಕ್ಕೆ ಬರುವುದಿಲ್ಲ, ಆದರೆ ಆ ಫೋನು ಇನ್ನೊಬ್ಬರ ಕೈಯಲ್ಲಿ ಪುಟ ತೆರೆಯುತ್ತಲೇ ಇರುತ್ತದೆ. ವಾದ ಮಾಡುವವರು ಹೆಚ್ಚಾಗಿ ಮರೆಯುವುದು ಈ ಬಾಳಿಕೆಯನ್ನೇ.

ಹಾಗಂತ ಸ್ಟ್ಯಾಟ್‌ಕೌಂಟರ್ ಫೋನುಗಳನ್ನು ನೇರವಾಗಿ ಎಣಿಸುತ್ತದೆ ಅಂದುಕೊಳ್ಳಬೇಡಿ. ತನ್ನ ಕೋಡ್ ಹಾಕಿಕೊಂಡ ಜಾಲತಾಣಗಳಲ್ಲಿ ತೆರೆದ ಪುಟಗಳು ಅದರ ಲೆಕ್ಕ. ಒಬ್ಬರು 100 ಪುಟ ನೋಡಿ ಇನ್ನೊಬ್ಬರು 10 ನೋಡಿದರೆ ಮೊದಲನೆಯವರ ತೂಕ ಹತ್ತುಪಟ್ಟು. ದಿನವೆಲ್ಲ ಆ್ಯಪ್‌ನಲ್ಲೇ ಕಳೆಯುವವರು ಹೆಚ್ಚುಕಮ್ಮಿ ಕಾಣಿಸುವುದೇ ಇಲ್ಲ. ದೇಶದ ಜನಸಂಖ್ಯೆಗೆ ತಕ್ಕಂತೆ ಅದು ತೂಕ ಸರಿಪಡಿಸುವುದೂ ಇಲ್ಲ, ಆದ್ದರಿಂದ ಅದರ ಜಾಲತಾಣಗಳಿಗೆ ಯಾವ ದೇಶದ ಓದುಗರು ಹೆಚ್ಚು ಬರುತ್ತಾರೋ ಆ ದೇಶ ಜಾಗತಿಕ ಸರಾಸರಿಯನ್ನು ತನ್ನ ಕಡೆ ಎಳೆಯುತ್ತದೆ. ಸಾಧನದ ಗುರುತಿನಲ್ಲೂ ತೊಡಕಿದೆ: 2019ರ ಐಪ್ಯಾಡ್‌ಒಎಸ್ 13ರಿಂದ ಐಪ್ಯಾಡಿನ ಸಫಾರಿ ಸಾಮಾನ್ಯವಾಗಿ ತನ್ನನ್ನು ಮ್ಯಾಕ್ ಅಂತಲೇ ಹೇಳಿಕೊಳ್ಳುತ್ತದೆ. ಬ್ರೌಸರ್ ತನ್ನ ಬಗ್ಗೆ ಹೇಳಿಕೊಳ್ಳುವ ಆ ಗುರುತನ್ನು (ಯೂಸರ್ ಏಜೆಂಟ್) ಮಾತ್ರ ನೋಡಿ ಎಣಿಸಿದರೆ ಟ್ಯಾಬ್ಲೆಟ್ಟು ಡೆಸ್ಕ್‌ಟಾಪ್ ಲೆಕ್ಕಕ್ಕೆ ಹೋಗಿಬಿಡುತ್ತದೆ. ಹಾಗಾಗಿ ಆ ತಾಣದಲ್ಲಿ ಸಾಧನದ ಆಯ್ಕೆಯಲ್ಲಿ ‘ಮೊಬೈಲ್’ ಮಾತ್ರ ಇಟ್ಟು, ಜಗತ್ತಿನ ಬದಲು ಒಂದು ದೇಶ ಆರಿಸಿ, ಕನಿಷ್ಠ ಎರಡು ವರ್ಷದ ತಿಂಗಳುವಾರು ಗೆರೆ ನೋಡಿ. ಒಂದೇ ತಿಂಗಳಲ್ಲಿ ನಾಲ್ಕೈದು ಶೇಕಡಾ ಅಂಶ ಜಿಗಿದಿದ್ದರೆ ಅದು ಎಣಿಕೆಗೆ ಸಿಕ್ಕ ಜಾಲತಾಣಗಳ ಏರುಪೇರು ಅಂತಲೇ ನಾನು ಮೊದಲು ಅನುಮಾನಿಸುವುದು. ಒಂದು ದೇಶದ ಜನ ತಿಂಗಳೊಪ್ಪತ್ತಿನಲ್ಲಿ ಅಷ್ಟು ಫೋನ್ ಬದಲಿಸುವುದಿಲ್ಲ.

ಕಂಪನಿಗಳೇ ಕೊಡುವ ‘ಸಕ್ರಿಯ ಸಾಧನ’ ಸಂಖ್ಯೆಗಳಿಂದ ಪಾಲು ಲೆಕ್ಕ ಹಾಕಲೇಬೇಡಿ, ಒಬ್ಬೊಬ್ಬರು ಎಣಿಸುವುದು ಒಂದೊಂದನ್ನು. ಗೂಗಲ್ 2021ರಲ್ಲಿ 300 ಕೋಟಿ ಆಂಡ್ರಾಯ್ಡ್ ಸಾಧನ ಅಂದಿತು, ಪ್ಲೇ ಸ್ಟೋರ್ ಇಲ್ಲದ ಆಂಡ್ರಾಯ್ಡ್ ಫೋನುಗಳು ಅದರಲ್ಲಿಲ್ಲ. ಆಪಲ್ 2025ರ ಜನವರಿಯಲ್ಲಿ ಹೇಳಿದ 235 ಕೋಟಿಯಲ್ಲಿ ಮ್ಯಾಕ್, ಐಪ್ಯಾಡ್, ವಾಚ್ ಎಲ್ಲ ಸೇರಿವೆ.

ಆಪಲ್ ಎದುರು ಸ್ಯಾಮ್‌ಸಂಗ್ ಇಡುವುದೇ ಒಂದು ಹೋಲಿಕೆ, ಐಒಎಸ್ ಎದುರು ಆಂಡ್ರಾಯ್ಡ್ ಇಡುವುದೇ ಇನ್ನೊಂದು. 2023ರಲ್ಲಿ ಐಡಿಸಿ ಲೆಕ್ಕದಲ್ಲಿ ಆಪಲ್ ಶೇ 20.1 ಮತ್ತು ಸ್ಯಾಮ್‌ಸಂಗ್ ಶೇ 19.4, ಅಂದರೆ ಬ್ರ್ಯಾಂಡ್ ಆಗಿ ಆಪಲ್ ಮೊದಲು. ಅದೇ ಅಂಕಿಯಲ್ಲಿ ವೇದಿಕೆಯಾಗಿ ಆಂಡ್ರಾಯ್ಡ್ ಬಹಳ ಮುಂದೆ. ‘ಐಫೋನ್ ನಂಬರ್ ಒನ್’ ಅನ್ನುವವರೂ ‘ಆಂಡ್ರಾಯ್ಡೇ ದೊಡ್ಡದು’ ಅನ್ನುವವರೂ ಇದೇ ಕೋಷ್ಟಕ ತೋರಿಸಿ ವಾದಿಸಬಹುದು.

ನಿಮಗೆ ಬೇಕಾದದ್ದು ಬಿಡಿಭಾಗ, ಕವರ್‌ಗಳಂಥ ವ್ಯಾಪಾರದ ಅಂದಾಜಾದರೆ ಶಿಪ್‌ಮೆಂಟನ್ನು ಮಾದರಿವಾರು ನೋಡಿ. ಆ್ಯಪ್ ಯಾವ ವೇದಿಕೆಗೆ ಮೊದಲು ಮಾಡಬೇಕು ಅನ್ನುವುದಾದರೆ ಜಾಗತಿಕ ಪಾಲನ್ನು ಪಕ್ಕಕ್ಕಿಡಿ. ನಿಮ್ಮದೇ ಜಾಲತಾಣದ ಮೂರು ತಿಂಗಳ ದಾಖಲೆ ತೆಗೆದು, ಬಾಟ್‌ಗಳನ್ನು (ತಾನಾಗಿ ಪುಟ ತೆರೆಯುವ ಪ್ರೋಗ್ರಾಂಗಳನ್ನು) ಬಿಟ್ಟು, ಪುಟಗಳ ಬದಲು ಬಳಕೆದಾರರನ್ನು ಎಣಿಸಿ. ದುಡ್ಡು ಕೊಡುವವರು ಯಾರು ಅನ್ನುವುದನ್ನು ಅದರ ಪಕ್ಕದ ಕಾಲಮ್ಮಿನಲ್ಲಿ ಬೇರೆಯಾಗಿ ಬರೆದುಕೊಳ್ಳಿ, ಯಾಕೆಂದರೆ ಬಳಕೆದಾರರ ಪಾಲು ಮತ್ತು ಆದಾಯದ ಪಾಲು ಒಂದೇ ಆಗಿರುವುದು ಅಪರೂಪ.