ದುಬೈಗೆ ಹೋಗುವ ಮೊದಲು ಪ್ರಾಕ್ಟಿಕಲ್ ಪಿಸ್ತೂಲ್ ಶೂಟಿಂಗ್‌ಗೆ ಯಾವ ಹೋಲ್ಸ್ಟರ್, ಯಾವ ರೆಡ್ ಡಾಟ್ ತಗೊಳ್ಳಲಿ?

ಸುರತ್ಕಲ್‌ನಲ್ಲಿದ್ದೀರಿ, ಎರಡು ತಿಂಗಳಲ್ಲಿ ದುಬೈ, ಕೈಯಲ್ಲಿ 60,000 ರೂಪಾಯಿ. ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸುವ ಹೋಲ್ಸ್ಟರ್, ಗುಂಡು ತುಂಬಿದ ಮ್ಯಾಗಜಿನ್ ಇಡುವ ಪೌಚ್, ಗುರಿಗೆ ಕೆಂಪು ಚುಕ್ಕೆ ತೋರಿಸುವ ರೆಡ್ ಡಾಟ್, ಇವು ಯಾವುದು ಅಂತ ಕೇಳಿದ್ದೀರಿ. ಓದಿ ನಗು ಬಂತು. 2015ರಲ್ಲಿ ನಾನೂ ಇದೇ ಲೆಕ್ಕ ಹಾಕುತ್ತಾ ಕೂತಿದ್ದೆ. ರೂಪಾಯಿಯ ಬದಲು ದಿರ್ಹಮ್, ಅಷ್ಟೇ ವ್ಯತ್ಯಾಸ.

ಏನೂ ತಗೊಳ್ಳಬೇಡಿ ಮಾರಾಯ್ರೆ. ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದ ಉಂಟು.

ನಮ್ಮ ಅಜ್ಜನದು ಹೆಬ್ರಿ ಕಡೆ ಅಡಿಕೆ ತೋಟ. ಹಂದಿ, ಮಂಗ ಓಡಿಸಲಿಕ್ಕೆ ಮನೆಯಲ್ಲಿ ಒಂದು ತೋಟೆ ಕೋವಿ ಇತ್ತು. ಬೆಳೆ ರಕ್ಷಣೆಯ ಪರವಾನಗಿ. ಚುನಾವಣೆ ಬಂತು ಅಂದರೆ ಅದನ್ನು ಗೋಣಿಯಲ್ಲಿ ಸುತ್ತಿಕೊಂಡು ಠಾಣೆಗೆ ಒಪ್ಪಿಸಿ ಬರುವ ಕೆಲಸ ನನ್ನದು. ಹಾಗಾಗಿ ಕೋವಿ ಅಂದರೆ ನನಗೆ ಹೊಸದಲ್ಲ ಅನ್ನುವ ಒಂದು ಅಹಂಕಾರ ಚಿಕ್ಕಂದಿನಿಂದಲೇ ಇತ್ತು. ಆಮೇಲೆ ಆದದ್ದಕ್ಕೆಲ್ಲ ಆ ಅಹಂಕಾರವೂ ಒಂದು ಕಾರಣ.

ಶಾರ್ಜಾದಲ್ಲಿ ಕೆಲಸಕ್ಕಿದ್ದಾಗ ಜೊತೆಗಿದ್ದ ಫಿಲಿಪಿನೋ ಗೆಳೆಯ ಒಂದು ಶುಕ್ರವಾರ ಕ್ಲಬ್ಬಿಗೆ ಕರೆದುಕೊಂಡು ಹೋದ. ಅವರ ಊರಲ್ಲಿ ಈ ಪ್ರಾಕ್ಟಿಕಲ್ ಶೂಟಿಂಗಿನ ಹುಚ್ಚು ಎಷ್ಟು ಅಂದರೆ, ನಮ್ಮಲ್ಲಿ ಕಂಬಳದ ಹಾಗೆ. 1999ರ ವಿಶ್ವ ಪಂದ್ಯ ಅವರ ಸೆಬುವಿನಲ್ಲೇ ನಡೆದದ್ದು. ನಾನು ಅಲ್ಲಿಯವರೆಗೆ ನೋಡಿದ್ದು ಟಿವಿಯಲ್ಲಿ ಬರುವ 10 ಮೀಟರ್ ಏರ್ ಪಿಸ್ತೂಲ್ ಮಾತ್ರ. ಒಂದೇ ಕಡೆ ನಿಂತು, 75 ನಿಮಿಷದಲ್ಲಿ 60 ಗುಂಡು, ಉಸಿರು ಬಿಗಿ ಹಿಡಿದು. ಇಲ್ಲಿ ನೋಡಿದರೆ ಟೈಮರ್ ಬೀಪ್ ಅಂದ ಕೂಡಲೇ ಸೊಂಟದಿಂದ ಪಿಸ್ತೂಲ್ ಎಳೆದು, ಓಡುತ್ತಾ, ಗೋಡೆಯ ಮರೆಯಿಂದ ಬಗ್ಗಿ, ನಡುವೆ ಮ್ಯಾಗಜಿನ್ ಬದಲಿಸಿ ಹೊಡೆಯುತ್ತಾರೆ. ರಟ್ಟಿನ ಟಾರ್ಗೆಟ್, ಬೀಳುವ ಕಬ್ಬಿಣದ ತಟ್ಟೆ. ಒಂದು ಸ್ಟೇಜು, ಅಂದರೆ ಒಂದು ಸುತ್ತು, 15 ಸೆಕೆಂಡಿಗೆ ಮುಗಿಯುತ್ತದೆ. ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

ಅಲ್ಲಿ ಪಿಸ್ತೂಲು, ಮ್ಯಾಗಜಿನ್ನು ಎಲ್ಲ ಕ್ಲಬ್ಬಿನದು. ನನ್ನದು ಅಂತ ಇದ್ದದ್ದು ಬೆಲ್ಟು, ಹೋಲ್ಸ್ಟರು, ಪೌಚು. ಹಾಗಾಗಿ ಮೋಹವೆಲ್ಲ ಅವುಗಳ ಮೇಲೆ ಹೋಯಿತು. ಫ್ರಾನ್ಸಿನ ಎರಿಕ್ ಗ್ರೋಫೆಲ್ ವಿಡಿಯೋ ನೋಡುವುದು, ಅವನ ಸೊಂಟದಲ್ಲಿ ಏನು ಉಂಟು ಅಂತ ಝೂಮ್ ಮಾಡುವುದು. ಆ ಪುಣ್ಯಾತ್ಮ ಅದೇ ಸೆಬುವಿನಲ್ಲಿ ಓಪನ್ ವಿಭಾಗದ ವಿಶ್ವ ಚಾಂಪಿಯನ್ ಆದವನು. ನಾನು ಪ್ರೊಡಕ್ಷನ್ ವಿಭಾಗದಲ್ಲಿ ತಟ್ಟೆಗೆ ಗುಂಡು ತಾಗಿದರೆ ಸಾಕು ಅನ್ನುವವನು.

ಈ ವಿಭಾಗದ ವಿಷಯ ನಿಮಗೆ ಯಾರೂ ಹೇಳಿದ ಹಾಗಿಲ್ಲ. ಕಂಬಳದಲ್ಲಿ ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಅಂತ ಇಲ್ವಾ? ನೇಗಿಲಿನ ಜೋಡಿಯನ್ನು ಹಗ್ಗದ ಜೋಡಿಯ ಜೊತೆ ಓಡಿಸಿ ಯಾರು ಗೆದ್ದರು ಅಂತ ಕೇಳುವುದಿಲ್ಲ. ಇಲ್ಲಿಯೂ ಹಾಗೇ. ಓಪನ್ ಅಂದರೆ ರೆಡ್ ಡಾಟ್, ನಳಿಗೆ ಮೇಲೆ ನೆಗೆಯದ ಹಾಗೆ ತಡೆಯುವ ಕಾಂಪನ್ಸೇಟರ್ ಎಲ್ಲ ಹಾಕಿದ ರೇಸ್ ಪಿಸ್ತೂಲು. ಸ್ಟ್ಯಾಂಡರ್ಡ್‌ನಲ್ಲಿ ಪಿಸ್ತೂಲು 225 × 150 × 45 ಮಿಲಿಮೀಟರಿನ ಪೆಟ್ಟಿಗೆಯೊಳಗೆ ಕೂರಬೇಕು. ಪ್ರೊಡಕ್ಷನ್ ಅಂದರೆ ಕಂಪನಿಯಿಂದ ಬಂದ ಹಾಗೇ ಇರುವ ಪಿಸ್ತೂಲು, ಶುರುವಿಗೆ ಮ್ಯಾಗಜಿನ್ನಿನಲ್ಲಿ 15 ಗುಂಡು ಮಾತ್ರ, ಗುರಿ ನೋಡಲಿಕ್ಕೆ ಕಬ್ಬಿಣದ ಸೈಟು ಮಾತ್ರ. ನೀವು ರೆಡ್ ಡಾಟ್ ಕೊಂಡುಕೊಂಡು ಪ್ರೊಡಕ್ಷನ್‌ಗೆ ಹೋದರೆ ಕೆಲಸ ಕೆಟ್ಟಿತು. ಅದಕ್ಕೆ ಪ್ರೊಡಕ್ಷನ್ ಆಪ್ಟಿಕ್ಸ್ ಅಂತಲೇ ಬೇರೆ ವಿಭಾಗ. ಕ್ಲಬ್ಬಿನಲ್ಲಿ ನಿಮ್ಮ ಕೈಗೆ ಯಾವ ಪಿಸ್ತೂಲು ಕೊಡುತ್ತಾರೆ ಅಂತ ಗೊತ್ತಾಗುವ ಮೊದಲೇ ಹೋಲ್ಸ್ಟರ್ ಕೊಳ್ಳುವುದು, ಕೋಣ ನೋಡುವ ಮೊದಲೇ ನೊಗ ಮಾಡಿಸಿದ ಹಾಗೆ. ಗ್ಲಾಕ್ ಪಿಸ್ತೂಲಿನ ಹೋಲ್ಸ್ಟರಿನಲ್ಲಿ ಸಿಝಡ್ ಶ್ಯಾಡೋ ಪಿಸ್ತೂಲು ಕೂರುವುದಿಲ್ಲ.

ಈಗ ನನ್ನ ಕಥೆಗೆ ಬರುತ್ತೇನೆ. 2016ರ ಚಳಿಗಾಲ. ನನ್ನ ಮೊದಲ ದೊಡ್ಡ ಮ್ಯಾಚು, ಎರಡು ದಿನ, 12 ಸ್ಟೇಜು. ಮೊದಲ ದಿನ ಆರು ಸ್ಟೇಜು ಚೆನ್ನಾಗಿಯೇ ಹೋಯಿತು. ಮಿಸ್ ಒಂದೂ ಇಲ್ಲ. ಸಂಜೆ ಅಲ್ಲೇ ಮಳಿಗೆ ಹಾಕಿದ್ದವರ ಹತ್ತಿರ ಒಂದು ಮ್ಯಾಗಜಿನ್ ಪೌಚ್ ನೋಡಿದೆ. ಮೂರು ಇತ್ತು ನನ್ನ ಹತ್ತಿರ. ನಾಲ್ಕನೆಯದು ಬೇಕಿರಲಿಲ್ಲ. ತಗೊಂಡೆ.

ಮರುದಿನ ಬೆಳಿಗ್ಗೆ ಅದನ್ನು ಬೆಲ್ಟಿನ ಮುಂದೆ, ಹೊಕ್ಕುಳಿನ ಹತ್ತಿರ ಸಿಕ್ಕಿಸಿಕೊಂಡು ಹೋದೆ. ಕೈಗೆ ಬೇಗ ಸಿಗಲಿ ಅಂತ. ಓಪನ್‌ನವರೆಲ್ಲ ಹಾಗೇ ಹಾಕುತ್ತಾರೆ. ರೇಂಜ್ ಆಫೀಸರ್ ನೋಡಿ, ಪ್ರೊಡಕ್ಷನ್ ಅಲ್ವಾ ನಿಮ್ಮದು, ಸೊಂಟದ ಮೂಳೆಯಿಂದ ಹಿಂದೆ ಹಾಕಿ ಅಂದರು. ಪ್ರೊಡಕ್ಷನ್‌ನಲ್ಲಿ ಹೋಲ್ಸ್ಟರು, ಪೌಚು ಎಲ್ಲ ಸೊಂಟದ ಮೂಳೆಯ ಹಿಂದೆಯೇ ಇರಬೇಕು. ಸ್ಟೇಜು ಶುರುವಾದ ಮೇಲೆ ಅವರು ಅದನ್ನು ನೋಡಿದ್ದರೆ ನನ್ನನ್ನು ಸೀದಾ ಓಪನ್ ವಿಭಾಗಕ್ಕೆ ಹಾಕುತ್ತಿದ್ದರು, ರೆಡ್ ಡಾಟ್ ಹುಲಿಗಳ ಜೊತೆ. ಅವರು ಮೊದಲೇ ಹೇಳಿ ಉಪಕಾರವನ್ನೇ ಮಾಡಿದರು.

ಹೊಸದಕ್ಕೆ ಜಾಗ ಮಾಡಲು ನಾಲ್ಕನ್ನೂ ಹಿಂದೆ ಸರಿಸಿದೆ. ಸರಿಸಿದ ಕೂಡಲೇ ಕೈಯ ಲೆಕ್ಕ ತಪ್ಪಿತು. ಎಲ್ಲ ಪೌಚೂ ಎರಡೆರಡು ಬೆರಳಷ್ಟು ಹಿಂದೆ. ನನಗಿಂತ ಮೊದಲು ಇನ್ನೂ ಎಂಟು ಮಂದಿ ಹೊಡೆಯಲಿಕ್ಕಿದ್ದರು. ಅಷ್ಟರಲ್ಲಿ ಸೇಫ್ಟಿ ಏರಿಯಾಕ್ಕೆ ಹೋಗಿ ನಾಲ್ಕು ಸಲ ಮ್ಯಾಗಜಿನ್ ಬದಲಿಸಿ ಕೈಗೆ ಅಭ್ಯಾಸ ಮಾಡಿಸೋಣ ಅಂತ ಹೊರಟೆ.

ಇಲ್ಲಿ ನಿಧಾನಕ್ಕೆ ಓದಿ.

ಸೇಫ್ಟಿ ಏರಿಯಾ ಅಂದರೆ ಒಂದು ಮೇಜು, ಎದುರಿಗೆ ಮಣ್ಣಿನ ದಿಬ್ಬ. ಇಡೀ ಮೈದಾನದಲ್ಲಿ ಯಾವ ಆಫೀಸರನ್ನೂ ಕೇಳದೆ ನೀವು ಪಿಸ್ತೂಲು ಮುಟ್ಟಬಹುದಾದ ಜಾಗ ಅದೊಂದೇ. ಬೇರೆಲ್ಲಿಯೂ ಹೋಲ್ಸ್ಟರಿನಿಂದ ಹೊರಗೆ ತೆಗೆಯುವ ಹಾಗಿಲ್ಲ. ಅದಕ್ಕೆ ಪ್ರತಿಯಾಗಿ ಒಂದು ಷರತ್ತು: ಅಲ್ಲಿ ಗುಂಡು ಮುಟ್ಟುವ ಹಾಗಿಲ್ಲ. ಬೆಲ್ಟಿನ ಮ್ಯಾಗಜಿನ್ನಿನಲ್ಲಿ ಗುಂಡು ಇರಬಹುದು, ಕೈ ಹಾಕಬಾರದು. ಇದು ನನಗೆ ಗೊತ್ತಿತ್ತು. ಗೊತ್ತಿದ್ದದ್ದೇ ಗ್ರಹಚಾರ. ಗುಂಡು ಬೇಡ ಅಲ್ವಾ, ಸರಿ, ಡಮ್ಮಿ ಹಾಕೋಣ ಅಂದುಕೊಂಡೆ. ಕ್ಲಬ್ಬಿನಲ್ಲಿ ತರಬೇತಿಗೆ ಕೊಡುವ ಕೆಂಪು ಪ್ಲಾಸ್ಟಿಕ್ ತೋಟೆಗಳು ಬ್ಯಾಗಿನಲ್ಲಿದ್ದವು. ಖಾಲಿ ಮ್ಯಾಗಜಿನ್ ತೀರಾ ಹಗುರ, ಕೈಗೆ ನಿಜವಾದ ಭಾರ ಸಿಗುವುದಿಲ್ಲ ಅಂತ ಹತ್ತು ಡಮ್ಮಿ ತುಂಬಿಸಿಕೊಂಡೆ. ಪ್ಲಾಸ್ಟಿಕ್ ಡಮ್ಮಿಗೆ ಏನು ಮಹಾ ಭಾರ ಇರುತ್ತದೆ, ಹೇಳಿ! ಅದೂ ಹೊಳೆಯಲಿಲ್ಲ.

ಒಂದು ಸಲ ಬದಲಿಸಿದೆ. ಎರಡನೇ ಸಲ ಕೈ ಪೌಚಿಗೆ ಹೋಗುವಾಗ ಹಿಂದಿನಿಂದ 'ಸ್ಟಾಪ್' ಅಂತ ಕೇಳಿತು.

ಸೇಫ್ಟಿ ಏರಿಯಾದಲ್ಲಿ ಡಮ್ಮಿಯೂ ಗುಂಡೇ. ಸ್ನ್ಯಾಪ್ ಕ್ಯಾಪ್, ತರಬೇತಿಯ ತೋಟೆ, ಹೊಡೆದು ಮುಗಿದ ಖಾಲಿ ತೋಟೆ, ಯಾವುದನ್ನೂ ಅಲ್ಲಿ ಕೈಯಲ್ಲಿ ಹಿಡಿಯಬಾರದು ಅಂತ ನಿಯಮ ಪುಸ್ತಕದ 10ನೇ ಅಧ್ಯಾಯದಲ್ಲಿ ಬಿಡಿಸಿ ಬರೆದಿದ್ದಾರೆ. ಹಿಡಿದರೆ ಅನರ್ಹ. ಆ ಸ್ಟೇಜಿಗೆ ಮಾತ್ರ ಅಲ್ಲ, ಇಡೀ ಮ್ಯಾಚಿಗೆ. ಹಿಂದಿನ ದಿನದ ಆರು ಸ್ಟೇಜಿನ ಅಂಕವೂ ಹೋಯಿತು. ಖಾಲಿ ಮ್ಯಾಗಜಿನ್ನಿನಲ್ಲಿ ನೂರು ಸಲ ಬದಲಿಸಿದ್ದರೂ ಯಾರೂ ಏನೂ ಕೇಳುತ್ತಿರಲಿಲ್ಲ. ಅದಕ್ಕೆ ನಿಯಮದಲ್ಲೇ ಅವಕಾಶ ಉಂಟು. ಹತ್ತು ಪ್ಲಾಸ್ಟಿಕ್ ತುಂಡು ಹಾಕಿದ್ದೇ ತಪ್ಪು.

ರೇಂಜ್ ಮಾಸ್ಟರ್ ಹತ್ತಿರ ವಾದ ಮಾಡಿದೆ. ಡಮ್ಮಿ ಸಿಡಿಯುವುದಿಲ್ಲವಲ್ಲ ಸಾರ್, ಇದರಿಂದ ಯಾರಿಗೆ ಅಪಾಯ ಅಂತ. ಅವರು ಮ್ಯಾಗಜಿನ್ ಎತ್ತಿ ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಂತರು. ಈಗ ಹೇಳಿ, ಒಳಗೆ ಏನು ಉಂಟು ಅಂದರು. ಕಾಣಲಿಲ್ಲ. ಮೇಲಿನ ತೋಟೆ ಕೆಂಪು ಅಂತ ಹತ್ತಿರದಿಂದ ಗೊತ್ತಾದರೂ ಅದರ ಕೆಳಗಿನದು ಏನು ಅಂತ ನನಗೇ ಖಾತ್ರಿ ಇಲ್ಲ. ಹಿಂದಿನ ಸಂಜೆ ಅದೇ ಮ್ಯಾಗಜಿನ್ನಿನಲ್ಲಿ ನಿಜವಾದ ಗುಂಡು ಇತ್ತು. ಅದೇ ಬ್ಯಾಗು, ಅದೇ ಕೈ. ತುಂಬಿಸುವಾಗ ನಾನು ಪೌಚಿನ ಯೋಚನೆಯಲ್ಲಿದ್ದೆ. ಒಂದು ನಿಜವಾದದ್ದು ನಡುವೆ ಸೇರಿಲ್ಲ ಅಂತ ಆಣೆ ಹಾಕಿ ಹೇಳಲು ಆವತ್ತೂ ಆಗಲಿಲ್ಲ. ಪಿಸ್ತೂಲು ಇರುವಲ್ಲಿ ಗುಂಡಿಲ್ಲ, ಗುಂಡು ಮುಟ್ಟುವಲ್ಲಿ ಪಿಸ್ತೂಲಿಲ್ಲ, ಎರಡೂ ಸೇರುವುದು ಆಫೀಸರ್ ಪಕ್ಕದಲ್ಲಿ ನಿಂತು 'ಲೋಡ್ ಅಂಡ್ ಮೇಕ್ ರೆಡಿ' ಅಂದಾಗ ಮಾತ್ರ. ಈ ಆಟ ನಿಂತಿರುವುದೇ ಇದರ ಮೇಲೆ. ನಾನು ಅದನ್ನು ಒಂದು ಜುಜುಬಿ ಪೌಚಿಗಾಗಿ ಮುರಿದಿದ್ದೆ.

ರಜೆ ಹಾಕಿದ್ದು ಹೋಯಿತು, ಪ್ರವೇಶ ಶುಲ್ಕ ಹೋಯಿತು. ನನ್ನ ಹೆಸರು ಹೇಳಿ ಸೇರಿಸಿದ್ದ ಫಿಲಿಪಿನೋ ಗೆಳೆಯನ ಮುಖ ನೋಡಲಿಕ್ಕಾಗಲಿಲ್ಲ. ಅವನು ಬೈಯಲಿಲ್ಲ. ಕೈಗೆ ಟಾರ್ಗೆಟಿಗೆ ಅಂಟಿಸುವ ಸ್ಟಿಕ್ಕರಿನ ಸುರುಳಿ ಕೊಟ್ಟ. ಉಳಿದ ದಿನವಿಡೀ ಬೇರೆಯವರು ಹೊಡೆದ ತೂತು ಮುಚ್ಚುತ್ತಾ ಬಿಸಿಲಲ್ಲಿ ತಿರುಗಿದೆ.

ಆದರೆ ಆ ತೂತು ಮುಚ್ಚುವಾಗ ಒಂದು ಲೆಕ್ಕ ಕಲಿತೆ. ಅಂಕವನ್ನು ಸೆಕೆಂಡಿನಿಂದ ಭಾಗಿಸುತ್ತಾರೆ, ಅದೇ ಹಿಟ್ ಫ್ಯಾಕ್ಟರ್. ಪ್ರೊಡಕ್ಷನ್‌ನಲ್ಲಿ ಟಾರ್ಗೆಟಿನ ನಡುವಿನ ಎ ವಲಯಕ್ಕೆ 5, ಅದರ ಸುತ್ತಿನ ಸಿಗೆ 3, ಹೊರಗಿನ ಡಿಗೆ 1. 12 ಗುಂಡಿನ ಸ್ಟೇಜು ಅಂದುಕೊಳ್ಳಿ. ಒಬ್ಬ 10 ಎ, 2 ಸಿ ಹೊಡೆದು 14 ಸೆಕೆಂಡ್ ತಗೊಂಡ. 56 ಅಂಕ, ಹಿಟ್ ಫ್ಯಾಕ್ಟರ್ 4. ಇನ್ನೊಬ್ಬ 8 ಎ, 4 ಸಿ, ಆದರೆ 10 ಸೆಕೆಂಡಿಗೆ ಮುಗಿಸಿದ. 52 ಅಂಕ, 5.2. ಇವನೇ ಗೆದ್ದ. ಅದೇ ಓಟದಲ್ಲಿ ಅವನದೊಂದು ಎ ಮಿಸ್ ಆಗಿದ್ದರೆ? 5 ಹೋಯಿತು, ಮೇಲೆ 10 ದಂಡ. 37 ಅಂಕ, 3.7. ಮೊದಲಿನ ನಿಧಾನದವನಿಗಿಂತ ಕೆಳಗೆ. ಇದರಲ್ಲಿ ಪೌಚು ಎಲ್ಲಿ ಬರುತ್ತದೆ ಹೇಳಿ.

ಊರಲ್ಲೇ ಪಿಸ್ತೂಲು ತಗೊಂಡು ಅಭ್ಯಾಸ ಮಾಡಿ ಹೋಗಬಹುದಾ ಅಂತ ಕೊನೆಯಲ್ಲಿ ಕೇಳಿದ್ದೀರಿ. ಆಗುವುದಿಲ್ಲ. ಈ ಆಟಕ್ಕೆ ಕಡಿಮೆ ಅಂದರೆ 9×19 ಮಿಲಿಮೀಟರಿನ ತೋಟೆ ಬೇಕು. ನಮ್ಮಲ್ಲಿ 9 ಎಂಎಂ ನಿಷೇಧಿತ ಬೋರ್ (ನಳಿಗೆಯ ಅಳತೆ). ಪರವಾನಗಿಯಲ್ಲಿ ಜನ ಇಟ್ಟುಕೊಳ್ಳುವ .32 ಅಲ್ಲಿ ಲೆಕ್ಕಕ್ಕಿಲ್ಲ. ಖಾಲಿ ಮ್ಯಾಗಜಿನ್ ಆದರೂ ಆನ್‌ಲೈನಿನಲ್ಲಿ ತರಿಸೋಣ ಅಂದುಕೊಂಡಿದ್ದರೆ ಅದೂ ಬೇಡ, 1959ರ ಆಯುಧ ಕಾಯ್ದೆಯಲ್ಲಿ ಆಯುಧದ ಭಾಗವೂ ಆಯುಧವೇ. ನಾನು ಬಜ್ಪೆಗೆ ವಿಮಾನ ಹತ್ತುವ ಮೊದಲು ಈಗಲೂ ಬ್ಯಾಗಿನ ಮೂಲೆ ಮೂಲೆ ಮೂರು ಸಲ ತಡಕುತ್ತೇನೆ. ಮರೆತು ಉಳಿದ ಒಂದು ತೋಟೆ ಸಾಕು, ಮನೆಯ ಬದಲು ಠಾಣೆಗೆ.

ಎರಡು ತಿಂಗಳು ಉಂಟಲ್ಲ, ಹತ್ತಿರದಲ್ಲಿ ಏರ್ ಪಿಸ್ತೂಲ್ ಕಲಿಸುವವರು ಇದ್ದರೆ ಸೇರಿಕೊಳ್ಳಿ. ಬೋರ್ ಹೊಡೆಯುತ್ತದೆ ಅಂತ ಮೂಗು ಮುರಿಯಬೇಡಿ. ಹೊಡೆಯುವ ಕ್ಷಣ ಬಿಟ್ಟರೆ ಬೆರಳು ಟ್ರಿಗರ್ ಗಾರ್ಡಿನ ಹೊರಗೆ ಇರುವುದು ರೂಢಿಯಾಗಬೇಕು. ಅಲ್ಲಿ ಓಡುವಾಗ, ಮ್ಯಾಗಜಿನ್ ಬದಲಿಸುವಾಗ ಬೆರಳು ಒಳಗೆ ಕಂಡರೂ ಮ್ಯಾಚಿನಿಂದ ಹೊರಗೆ. ನಳಿಗೆ ಎಡಕ್ಕೋ ಬಲಕ್ಕೋ 90 ಡಿಗ್ರಿ ದಾಟಿದರೂ ಹೊರಗೆ. ಪಿಸ್ತೂಲು ಕೈಜಾರಿ ಬಿದ್ದರೂ ಹೊರಗೆ. ಈ ಆಟ ನಡೆಸುವ ಅಂತಾರಾಷ್ಟ್ರೀಯ ಸಂಸ್ಥೆ ಐಪಿಎಸ್‌ಸಿಯ ನಿಯಮ ಪುಸ್ತಕ ಪುಕ್ಕಟೆ ಸಿಗುತ್ತದೆ. ಪೂರ್ತಿ ಓದಲು ಆಗದಿದ್ದರೆ ಸಲಕರಣೆಯ 5ನೇ ಅಧ್ಯಾಯ, ಆಜ್ಞೆಗಳ 8ನೇ ಅಧ್ಯಾಯ, ದಂಡದ 10ನೇ ಅಧ್ಯಾಯ ಓದಿ. 10ನೆಯದನ್ನು ಎರಡು ಸಲ.

60,000ದಲ್ಲಿ ಒಳ್ಳೆಯ ಕಣ್ಣಿನ ಗ್ಲಾಸು, ಕಿವಿಗೆ ಮಫ್, ಜಾರದ ಶೂ, ಇಷ್ಟಕ್ಕೆ ಬೇಕಾದಷ್ಟು ತೆಗೆದಿಡಿ. ಉಳಿದದ್ದನ್ನು ಅಲ್ಲಿ ಗುಂಡಿಗೆ, ತರಬೇತಿಗೆ ಖರ್ಚು ಮಾಡಿ. ಆರು ತಿಂಗಳಾದ ಮೇಲೆ ಕ್ಲಬ್ಬಿನವರೇ ಹೇಳುತ್ತಾರೆ ಯಾವ ಹೋಲ್ಸ್ಟರ್ ಅಂತ.

ಬೆಲ್ಟು ಮಾತ್ರ ಈಗಲೇ ಬೇಕು ಅಂತ ಹಟ ಇದ್ದರೆ, ಸೊಂಟ 34 ಆಗಿದ್ದರೆ, ನನ್ನದು ಕದ್ರಿಯ ಮನೆಯಲ್ಲಿ ಕಪಾಟಿನೊಳಗೆ ಬಿದ್ದಿದೆ. ನಾಲ್ಕೂ ಪೌಚ್ ಸಮೇತ ಕೊಡುತ್ತೇನೆ. ಎರಡು ಮಳೆಗಾಲದ ಬೂಷ್ಟು ಹಿಡಿದಿದೆ, ಒರೆಸಿಕೊಳ್ಳಬೇಕು.